ಹುಣಸಿನಕೆರೆಯಲ್ಲಿ ತಲೆ ಎಣಿಕೆ

ಬೆಳಗಿನ ಆರೂಕಾಲು. ಮಂಜು ಇನ್ನೂ ನೀರಿಗೆ ಅಂಟಿಕೊಂಡೇ ಇದೆ,
ಬೈಪಾಸಿನ ಲಾರಿಗಳು ಬರೀ ಸದ್ದು.
ಮಫ್ಲರಿನೊಳಗಿಂದ ಕೂಗುತ್ತೇನೆ, ಮೆಲ್ಲಗೆ:
ಯಾರ್ಯಾರು ಇಳಿದಿದ್ದೀರಪ್ಪಾ, ಮುಂದೆ ಬನ್ನಿ.

ಮುನೀರಾ ಟೀಚರ್ ನಗುತ್ತಾಳೆ. ಗೆರೆ ಹಾಕಿದ ಪುಸ್ತಕ ಅವಳದು.
ದುರ್ಬೀನು ನನ್ನದು, ಎಡಗಣ್ಣಿನ ಗಾಜಿಗೆ ಬೂಷ್ಟು ಹಿಡಿದದ್ದು.
ಮೂವತ್ತೊಂದು ವರ್ಷ ಹಾಸನ–ಅರಸೀಕೆರೆ ಬಸ್ಸಲ್ಲಿ
ತಲೆ ಎಣಿಸಿದ ಬೆರಳು ಇವು;
ಅವಳು ನಂಬಿದ್ದಾಳೆ.

ಮೊದಲು ಹತ್ತನ್ನು ಕಣ್ಣಲ್ಲಿ ಅಳೆದುಕೊ,
ಆಮೇಲೆ ಆ ಅಳತೆಯನ್ನೇ ಕೆರೆಯ ಮೇಲೆ ಮಗುಚುತ್ತಾ ಹೋಗು,
ಸೇರಲ್ಲಿ ರಾಗಿ ಅಳೆದ ಹಾಗೆ.
ಸೂಜಿಬಾಲದ ಬಾತು ನೂರಾ ನಲವತ್ತು.
ಬಿಳಿಹುಬ್ಬಿನವು ಅಂತರಗಂಗೆಯ ಮರೆಯಲ್ಲಿ, ಎಪ್ಪತ್ತು, ಎಂಬತ್ತು,
ನಿದ್ದೆಯಲ್ಲಿರುವವರನ್ನು ಎಬ್ಬಿಸಿ ಟಿಕೆಟ್ ಕೇಳುವ ಹಾಗಿಲ್ಲ.
ನಾಮದಕೋಳಿ ಬಿಡು, ಅವು ಸ್ಟ್ಯಾಂಡಿಂಗು,
ಎಷ್ಟಾದರೂ ಹತ್ತುತ್ತವೆ.
ಕೆಸರಲ್ಲಿ ಕೆಂಪು ಕಾಲು ಎತ್ತೆತ್ತಿ ಇಡುವ ಮೆಟ್ಟುಗಾಲು ಹಕ್ಕಿ,
ಚೆಕಿಂಗ್ ಇನ್‌ಸ್ಪೆಕ್ಟರುಗಳು, ಇಪ್ಪತ್ತಾರು.

ಹೆಬ್ಬಾತುಗಳು ಆಚೆ ದಡದಲ್ಲಿ,
ರಾತ್ರಿಯೆಲ್ಲ ಯಾರದೋ ಕಡ್ಲೆ ಹೊಲ ಮೇಯ್ದು ಬಂದು ಕೂತಿವೆ.
ತಲೆಗೆ ಎರಡು ಕಪ್ಪು ಪಟ್ಟೆ.
ಹಿಮಾಲಯವನ್ನೇ ಮೇಲಿಂದ ನೋಡಿದವು
ಇಲ್ಲಿ ಕೆರೆ ಏರಿಯ ನಾಯಿಗೆ ಹೆದರುತ್ತವೆ.
ಹೋದ ವರ್ಷ ಒಂದರ ಕೊರಳಲ್ಲಿ ಹಸಿರು ಬಳೆ,
ಮಂಗೋಲಿಯಾದಲ್ಲಿ ಯಾರೋ ತೊಡಿಸಿದ್ದಂತೆ.
ಪಾಸಿನ ನಂಬರು ಓದುವ ಹಾಗೆ ಓದಿದ್ದೆ, ಅವಳು ಬರೆದುಕೊಂಡಿದ್ದಳು.
ಇವತ್ತು ಒಂದೊಂದೇ ಕೊರಳು ನೋಡಿದೆ.
ನೋಡಿದ್ದನ್ನೇ ನೋಡಿದೆ.
ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ದಿನಾ ಏಳೂವರೆಗೆ ದುದ್ದದಲ್ಲಿ ಹತ್ತುತ್ತಿದ್ದಳು ಒಬ್ಬಳು,
ಮಡಿಲಲ್ಲಿ ಸೊಪ್ಪಿನ ಗಂಟು. ಒಂದು ಸೋಮವಾರ ಬರಲಿಲ್ಲ.
ಒಂದು ನಿಮಿಷ ನಿಲ್ಲಿಸಿದ್ದೆ. ಅಷ್ಟೇ.
ಬಸ್ಸು ಹೊರಡಲೇಬೇಕಲ್ಲ.

ಅಷ್ಟರಲ್ಲಿ ಹೊಸ ಲೇಔಟಿನ ಕಡೆ ಯಾರದೋ ಗುದ್ದಲಿಪೂಜೆ,
ಪಟಾಕಿಯ ಸರ.
ಕೆರೆಗೆ ಕೆರೆಯೇ ಎದ್ದಿತು.
ನೂರಾ ನಲವತ್ತೂ ಎಂಬತ್ತೂ ಕಲೆಸಿಹೋಗಿ
ಮಂಜು ಹರಿದು, ನೆತ್ತಿಯ ಮೇಲೆ ಎರಡು ಸುತ್ತು,
ರೆಕ್ಕೆಗಾಳಿ ಮುಖಕ್ಕೇ ಬಡಿಯಿತು.
ನಾನು ಬೈದೆ, ಬಸ್‌ಸ್ಟ್ಯಾಂಡಿನ ಬೈಗುಳ, ಟೀಚರ್ ಎದುರಿಗೇ.
ಅವಳು ಪುಟಕ್ಕೆ ಉದ್ದಕ್ಕೂ ಒಂದು ಗೀಟು ಎಳೆದು
ಹೊಸ ಹಾಳೆ ತಿರುವಿದಳು.

ನೀರು ಖಾಲಿ. ಎರಡು ಪುಕ್ಕ ತೇಲುತ್ತಿವೆ.
ಆಮೇಲೆ ಕಂಡಿತು: ನಮ್ಮ ಕಾಲಬುಡದಲ್ಲೇ,
ಎಮ್ಮೆಯ ಗೊರಸು ಊರಿದ ಕುಳಿಯಲ್ಲಿ
ಇಷ್ಟೇ ಇಷ್ಟು ಗದ್ದೆಗೊರವ. ಹಾರಿಯೇ ಇಲ್ಲ.
ಹಿಂದುಗಡೆ ಕುಣಿಸುತ್ತಾ ಕೆಸರು ಕುಕ್ಕುತ್ತಿದೆ,
ಸೈಬೀರಿಯಾದಿಂದ ಬಂದದ್ದೇ
ಈ ಒಂದು ಹುಳಕ್ಕೆ ಎಂಬ ಹಾಗೆ.

ಬರ್ಕೊಳಮ್ಮ, ಅಂದೆ.
ಒಂದು.