ಲೆಕ್ಕಕ್ಕೆ ಹೆಚ್ಚಾದ ತೋಟಾ

ತೋಟಾ ಅಂದರೆ ತೋಟವಲ್ಲ, ಮೊದಲೇ ಹೇಳಿಬಿಡುತ್ತೇನೆ.
ಏನೂ ಬೆಳೆಯುವುದಿಲ್ಲ ಅದರಲ್ಲಿ.
ಹಿತ್ತಾಳೆಯದು, ಬೆರಳುದ್ದ, ಬುಡದಿಂದ ಬಾಯಿತನಕ
ಒಂದೇ ದಪ್ಪ; ರಾಗಿ ಅಳೆಯುವ ಪಾವಿನ ಹಾಗೆ ನೆಟ್ಟಗೆ.

ದಾವಣಗೆರೆ ಮಂಡಿಪೇಟೆಯಲ್ಲಿ ಜಬ್ಬಾರ್ ಸಾಬರ ಕೋವಿ ಅಂಗಡಿ.
ಒಂದು ಪಕ್ಕ ಶೇಂಗಾ ದಲಾಲಿ, ಇನ್ನೊಂದು ಪಕ್ಕ ಹತ್ತಿ ಗೋದಾಮು.
ಮದ್ದಿನ ಮಗ್ಗುಲಿಗೆ ಹತ್ತಿ! ಯಾವ ಪುಣ್ಯಾತ್ಮ ಪರವಾನಗಿ ಕೊಟ್ಟನೋ.
ನನಗೆ ಹದಿಮೂರು. ದಿನಕ್ಕೆ ಎಂಟಾಣೆ.
ಮದ್ದು ಅಳೆ, ರಟ್ಟಿನ ಬಿಲ್ಲೆ ಒತ್ತು, ಚರೆ ಸುರಿ,
ಮೇಲೊಂದು ಬಿಲ್ಲೆ, ಮೇಣ. ಬೀಡಿಯ ಹೆಸರೆತ್ತಬೇಡ.

ಮಿಲ್ಲಿನ ಮ್ಯಾನೇಜರ್ ಖಟಾವಕರ್ ಬರುತ್ತಿದ್ದರು ಜೀಪಿನಲ್ಲಿ.
ಅವರದು ರೈಫಲ್ಲು. ಅದರ ತೋಟಾಕ್ಕೆ ಭುಜವಿತ್ತು, ಕುತ್ತಿಗೆಯಿತ್ತು,
ಅಂಗೈಯಲ್ಲಿ ಅತ್ತರಿನ ಶೀಶೆ.
'ಅರ್ಧ ಮೈಲಿ ಹೋಗುತ್ತೆ' ಅಂದರು ಒಮ್ಮೆ.
ಬೆಂಚಿನ ಮೇಲೆ ಮಂಡಕ್ಕಿ ಮುಕ್ಕುತ್ತಿದ್ದ ಸಣ್ಣಪಾಲಯ್ಯ
ಮೆಣಸಿನಕಾಯಿ ಕಚ್ಚಿ, ತೊಟ್ಟು ಪಕ್ಕಕ್ಕಿಟ್ಟು, ಕೇಳಿದ:
'ಅರ್ಧ ಮೈಲಿಯಾಚೆ ಯಾರ್ ಐದಾರೆ ಅಂತ
ನಿಮಗ್ಹೆಂಗೆ ಗೊತ್ತು ಸಾಮಿ?'

ಜಗಳೂರು ಕಡೆಯವನು. ರಂಗಯ್ಯನದುರ್ಗದ ಕೆಳಗೆ
ಕಾರೆ, ಬಂದರಿಕೆ, ತುಗ್ಗಲಿ;
ನಲವತ್ತು ಹೆಜ್ಜೆಯಾಚೆ ಕಣ್ಣೇ ತೂರದ ಕಾಡು.
'ಕಣ್ಣು ಹೋಗೋ ತಾವ ಗುಂಡು ಹೋದ್ರೆ ಸಾಕಲ್ಲಪ.
ನನ್ ಗುಂಡು ನನ್ನ ಬಿಟ್ಟು ಮುಂದಕ್ಕೋಗಬಾರ್ದು.'

ವರ್ಷಕ್ಕೊಮ್ಮೆ ಬರುವನು, ಶೇಂಗಾ ಮಾರಿದ ಮಾರನೇ ದಿನ.
ಖಾಲಿ ತೋಟಾಗಳ ತಟ್ಟೆ ಮುಂದಿಟ್ಟರೆ
ಮಿಲ್ಲು ಕೂಗುವತನಕ ಆರಿಸುವನು.
ಕಣ್ಣಿನಿಂದಲ್ಲ. ತುಟಿಗಿಟ್ಟು, ಊದಿ.
ನೆಟ್ಟಗಿನ ಗೋಡೆ ಒಂದೇ ಸ್ವರ ಕೊಡುತ್ತದೆ;
ಕೂದಲೆಳೆ ಬಿರುಕಿದ್ದರೂ ನಡುಗುತ್ತದೆ,
ಕಟಕಟೆಯ ಸುಳ್ಳು ಸಾಕ್ಷಿಯ ಹಾಗೆ.
ಇಪ್ಪತ್ತರಲ್ಲಿ ಎರಡು ಎತ್ತಿಡುವನು.
ಸಾಬರು ನಗುವರು: 'ಮಗಳಿಗೆ ಗಂಡು ನೋಡೋವಾಗಲೂ ಹಿಂಗೇ ಊದಿದ್ಯೇನೋ?'
'ಊದಲಿಲ್ಲ, ಅದ್ಕೇ ಹಂಗಾತು.'

ಎರಡೇ ಯಾಕೆ, ಕೇಳಿದೆ ಒಂದು ಸಲ.
'ಒಂದು ಜಿಂಕೆಗೆ. ಇನ್ನೊಂದು,
ನನ್ ಕೈ ತಪ್ಪಿ ಅದು ನರಳಿದ್ರೆ.'
ಮುಂದಿನ ವರ್ಷ ಬಂದಾಗ ಆ ಇನ್ನೊಂದನ್ನು
ಟವಲಿನ ಗಂಟಿನಿಂದ ಬಿಚ್ಚಿ ಗಾಜಿನ ಮೇಲೆ ಇಡುವನು.
ಎರಡು ವರ್ಷ ಇಡಲಿಲ್ಲ.
ನಾವು ಕೇಳಲಿಲ್ಲ.

ಆಮೇಲೆ ಕಾನೂನು ಬಂತು.
ಖಟಾವಕರ್ ಗೋಡೆಯ ಕೊಂಬುಗಳಿಗೆ ಕಾಗದ ಮಾಡಿಸಿಕೊಂಡರು.
ಪಾಲಯ್ಯ ಬಂದ; ಶೇಂಗಾ ಇನ್ನೂ ಹೊಲದಲ್ಲೇ ಇತ್ತು.
ಕೋವಿ ಸ್ಟೇಷನ್ನಿಗೆ ಒಪ್ಪಿಸಿದ್ದ, ರಸೀತಿ ಜೇಬಿನಲ್ಲಿ.
ಗಂಟು ಬಿಚ್ಚಿದ. ಸಾಬರು ಗಲ್ಲೆ ತೆರೆದರೆ
'ದುಡ್ಡು ಬ್ಯಾಡ' ಅಂದ.
'ಇದು ಕೊಂಡದ್ದಲ್ಲ, ಇಸ್ಕಂಡದ್ದು.'
ಯಾರಿಂದ ಅಂತ ಹೇಳಲಿಲ್ಲ.

ಸಾಬರು ತೀರಿಕೊಂಡ ಮೇಲೆ ಅಂಗಡಿ ನನ್ನ ಕೊರಳಿಗೆ ಬಿತ್ತು.
ಏರ್‌ಗನ್ನು, ಹಂದಿ ಓಡಿಸುವವರ ಕೋವಿಗೆ ಎಣ್ಣೆ,
ಜಾತ್ರೆಯ ಬಲೂನಿನವರಿಗೆ ಚರೆ. ಹೊಟ್ಟೆ ತುಂಬಿತು, ಅಷ್ಟೆ.
ಈ ಮಾರ್ಚಿಗೆ ಪರವಾನಗಿ ವಾಪಸು ಕೊಟ್ಟೆ.
ಸಬ್‌ಇನ್ಸ್‌ಪೆಕ್ಟರ್ ಹುಡುಗಿ ಎಣಿಸಿದಳು, ಪುಸ್ತಕ ನೋಡಿದಳು,
ಮತ್ತೆ ಎಣಿಸಿದಳು.
'ಒಂದು ಹೆಚ್ಚಿದೆಯಲ್ಲ ಅಜ್ಜಾ!
ಕಡಿಮೆ ಬಂದರೆ ಏನು ಬರೀಬೇಕು, ಗೊತ್ತು.
ಹೆಚ್ಚಾದರೆ ಏನು ಬರೀಲಿ?'
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.
ಚರೆ ಸದ್ದು ಮಾಡಲಿಲ್ಲ. ಬಿಲ್ಲೆ ಒತ್ತಿದ್ದು ನಾನೇ, ಬಿಗಿಯಾಗಿಯೇ ಒತ್ತಿದ್ದೆ.

ಷರಾ ಕಾಲಮ್ಮಿನಲ್ಲಿ 'ಹಳೆಯದು' ಅಂತ ಬರೆಯಮ್ಮ, ಅಂದೆ.
ಬರೆದಳು.
'ಖಾಲಿಯವು ಲೆಕ್ಕಕ್ಕಿಲ್ಲ, ನೀವೇ ಇಟ್ಕೊಳ್ಳಿ.'

ಮೆಟ್ಟಿಲಿಳಿದು ಒಂದನ್ನು ತುಟಿಗಿಟ್ಟು ಊದಿದೆ.
ಸ್ವರ ನಡುಗಿತು.
ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ:
ಹಿತ್ತಾಳೆ ಸರಿಯಾಗಿಯೇ ಇತ್ತು.