ಹತ್ತೊಂಬತ್ತರ ಮಗ್ಗಿ

ಶೆಫೀಲ್ಡಿನಿಂದ ಬೆಳಗಿನ ಮೊದಲ ರೈಲು.
ಈಡೇಲಿನಲ್ಲಿ ಇಳಿದವರು ಇಬ್ಬರೇ:
ನಾನು, ಮತ್ತು ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತಳಾದ ಗ್ಲೆನಿಸ್.
ಅವಳ ಮಂಡಿಗೆ ಅರವತ್ತನಾಲ್ಕು, ನಾಲಿಗೆಗೆ ಹದಿನೆಂಟು.
ಮೇ ತಿಂಗಳ ಓಟಕ್ಕೆ ಇನ್ನು ಹದಿಮೂರು ವಾರ,
ಎಂಬತ್ತು ಕಿಲೋಮೀಟರು, ಗುಡ್ಡದ ಹಿಂದೆ ಗುಡ್ಡ.
ಹೆಸರು ಕೊಟ್ಟವಳು ನಾನೇ, ರಾತ್ರಿ ಪಾಳಿ ಮುಗಿಸಿ,
ಬುದ್ಧಿ ನೆಟ್ಟಗಿಲ್ಲದ ಹೊತ್ತಿನಲ್ಲಿ.

ಜೇಕಬನ ಏಣಿ ಎನ್ನುತ್ತಾರೆ ಆ ಕಲ್ಲುಮೆಟ್ಟಿಲಿಗೆ.
ಓಟವೆಂಬುದು ಇಲ್ಲಿ ಬರೀ ಹೆಸರಿಗೆ.
ಅಂಗೈಯಿಂದ ತೊಡೆಯನ್ನು ಒತ್ತಿ ಒತ್ತಿ
ಹಟಮಾರಿ ಎಮ್ಮೆಯನ್ನು ದಿಬ್ಬ ಹತ್ತಿಸಿದ ಹಾಗೆ
ನನ್ನನ್ನು ನಾನೇ ಹತ್ತಿಸುವುದು.
ಮೇಲೆ ಕಪ್ಪು ನೆಲ, ನೀರು ಹೆಚ್ಚಾದ ಮುದ್ದೆಯಂಥದು.
ಕಾಲು ನುಂಗುತ್ತದೆ; ಶೂ ಇಟ್ಟುಕೊಂಡು
ಕಾಲನ್ನು ಮಾತ್ರ ವಾಪಸು ಕೊಡುತ್ತದೆ.

ಹೀದರಿನ ಪೊದೆಯಿಂದ ಗ್ರೌಸ್ ಹಕ್ಕಿ ದಡಬಡಿಸಿ ಎದ್ದು ಕೂಗುತ್ತದೆ.
ಇಲ್ಲಿಯವರಿಗೆ ಅದು 'ತಿರುಗಿ ಹೋಗು' ಎಂದು ಕೇಳಿಸುವುದಂತೆ.
ನನಗೆ: ಬೇಕಾ? ಬೇಕಾ? ಬೇಕಾ, ಬೇಕಾ?
ಇಪ್ಪತ್ತಾರನೇ ಕಿಲೋಮೀಟರಿಗೆ ಅದೇ ಪ್ರಶ್ನೆ,
ಹಕ್ಕಿ ಇಲ್ಲದೆಯೂ.

ಮನಸ್ಸು ಗಟ್ಟಿ ಮಾಡ್ಕೋ, ಅಂತಾರೆ.
ಗಟ್ಟಿ ಮಾಡಿಕೊಂಡದ್ದೆಲ್ಲ ನನ್ನಲ್ಲಿ ಬಿರಿದೇ ಹೋಗಿದೆ.
ಅಡುಗೆಮನೆಯಲ್ಲಿ ಸೆರಗು ಜಗ್ಗುವ ಮಗುವಿಗೆ
ಒಂದು ಮೊರ ಅವರೆಕಾಯಿ ಕೊಟ್ಟು ಕೂರಿಸುತ್ತಾರಲ್ಲ,
ಸುಲಿ ಪುಟ್ಟಾ ಎಂದು,
ಹಾಗೆ ಮನಸ್ಸಿಗೊಂದು ಕೆಲಸ ಕೊಟ್ಟೆ.
ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು,
ಹತ್ತೊಂಬತ್ತೆರಡ್ಲೆ ಮೂವತ್ತೆಂಟು.
ನಾಲ್ಕನೇ ಕ್ಲಾಸಿನಲ್ಲಿ ಬೆಂಚು ಹತ್ತಿಸಿ ನಿಲ್ಲಿಸಿದ ಮಗ್ಗಿಯೇ
ಈಗ ಕೈಹಿಡಿದು ನಡೆಸುವುದು.
ಪ್ರತಿ ಐದ್ಲೆಗೆ ಒಂದು ಚಿಗಳಿ.

ಚಿಗಳಿ ನಾನೇ ಕುಟ್ಟಿದ್ದು:
ಹುಣಸೆ, ಬೆಲ್ಲ, ಜೀರಿಗೆ, ಉಪ್ಪು ಕೊಂಚ ಮುಂದಾಗಿ.
ಅಂಗಡಿಯ ಜೆಲ್ ಗಂಟಲಿಗೆ ಗೋಂದು.
ಗ್ಲೆನಿಸ್ ಒಂದು ಬಾಯಿಗಿಟ್ಟು, ಮುಖ ಕಿವುಚಿ,
ಊರಿನ ಬೈಗುಳವೊಂದನ್ನು ಬೈದು,
ಆಮೇಲೆ ಇನ್ನೊಂದಕ್ಕೆ ಕೈಚಾಚಿದಳು.

ಮಾರ್ಚಿಯ ಒಂದು ಶನಿವಾರ
ಅವಳಿಗೆ ಮೊಮ್ಮಗಳ ಶಾಲೆಯ ನಾಟಕ. ನಾನೊಬ್ಬಳೇ.
ಕಿಂಡರಿನ ನೆತ್ತಿಯಲ್ಲಿ ಮಂಜು ಇಳಿಯಿತು,
ಯಾರೋ ದೀಪ ಆರಿಸಿದ ಹಾಗೆ.
ದಿಕ್ಸೂಚಿ ಹಿಡಿದ ಬೆರಳು ನನ್ನದೆನಿಸಲಿಲ್ಲ.
ಹತ್ತೊಂಬತ್ತಾರ್ಲೆ ನೂರ ಹದಿನಾಲ್ಕು,
ಹತ್ತೊಂಬತ್ತೇಳ್ಲೆ
ಹತ್ತೊಂಬತ್ತೇಳ್ಲೆ
ಒರೆಸಿದ ಸ್ಲೇಟು.
ಆಗ ಹೊಳೆಯಿತು: ಇದು ಸೋಮಾರಿತನದ ದನಿಯಲ್ಲ, ಚಳಿಯದು.
ಎರಡೂ ಒಂದೇ ಮಾತಾಡುತ್ತವೆ: ಕೂತುಕೋ, ಸಾಕು.
ಇದ್ದಬದ್ದ ಅಂಗಿಯೆಲ್ಲ ತೊಟ್ಟು
ಕಲ್ಲುಗುಪ್ಪೆಯಿಂದ ಹಿಂದಕ್ಕೆ ತಿರುಗಿದೆ.
ಮೂವತ್ತೆಂಟು ಎಂದುಕೊಂಡದ್ದು ಇಪ್ಪತ್ತೊಂದಕ್ಕೆ ನಿಂತಿತು.

ಫೋನಿನಲ್ಲಿ ಗಂಟಲು ಕಟ್ಟಿತು. ಅವಳು ಕೇಳಿದ್ದು ಇಷ್ಟೇ:
"ನಿನ್ನ ಕಾಲಮೇಲೆ ನೀನೇ ಇಳಿದು ಬಂದೆಯಾ?"
"ಹೂಂ."
"ಮತ್ತೆ? ಬರೆದುಕೋ. ಅದೂ ತಾಲೀಮೇ."
ಬರೆದೆ: ಇಪ್ಪತ್ತೊಂದು. ಮಂಜು. ಏಳ್ಲೆ ಮರೆತೆ.

ಸೋಮವಾರ, ಆಸ್ಪತ್ರೆಯ ಎಕ್ಸ್-ರೇ ಕೋಣೆ.
ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಮುದುಕರೊಬ್ಬರ ಎದೆ.
ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ, ಎಂದೆ.
ಗುಂಡಿಯ ಮೇಲೆ ಬೆರಳು. ಆ ಚೂರು ನಿಶ್ಶಬ್ದದಲ್ಲಿ
ಎಲ್ಲಿ ಅಡಗಿತ್ತೋ, ಬಂದು ನಿಂತಿತು:
ನೂರ ಮೂವತ್ತಮೂರು.
ನಕ್ಕುಬಿಟ್ಟೆ.
ಪಾಪ, ಅವರಿನ್ನೂ ಉಸಿರು ಹಿಡಿದೇ ಇದ್ದರು.