ನೂರಾ ಹದಿನಾಲ್ಕು

ಮಣಿಕಟ್ಟಿಗೆ ಬಿಗಿದು ಕಳಿಸಿದ್ದಾರೆ. ಗಂಟೆ ತೋರಿಸುತ್ತದೆ ನಿಜ,
ಅದರ ಕಸುಬು ಬೇರೆ:
ಎದೆ ಬಡಿದುಕೊಂಡಷ್ಟನ್ನೂ ಎಣಿಸಿ
ಎಲ್ಲೋ ಕೂತ ಯಂತ್ರಕ್ಕೆ ಚಾಡಿ ಹೇಳುವುದು.

ಯಂತ್ರ ರಾತ್ರಿಯಿಡೀ ಕೂಡಿ ಕಳೆದು
ಬೆಳಗಾದರೆ ಅಪ್ಪಣೆ ಕೊಡುತ್ತದೆ:
ಇಂದು ಹದಿನೆಂಟು ನಿಮಿಷ, ಓಡಿಲೊನ್.
ಗಣಿಯ ಕರಿದಿಬ್ಬ ಬೇಡ, ಕಾಲುವೆ ದಂಡೆ ಸಾಕು.
ನಡೆಯುತ್ತಾ ಮಾತಾಡಲು ಆಗುವಷ್ಟೇ ವೇಗ.

ಮಾತಿಗೆ ಹಿಕ್ಮೆತ್ ಇದ್ದಾನೆ.
ಗೆನ್ಕ್‌ನ ಗಣಿ ಮುಚ್ಚುವವರೆಗೂ
ಒಂದೇ ಪಂಜರದಲ್ಲಿ ನೆಲದಡಿ ಇಳಿದವರು ನಾವು.
ಅವನಿಗೆ ಶ್ವಾಸಕೋಶ, ನನಗೆ ಹೃದಯ;
ಪಾಲು ಹಂಚುವಾಗ ಗಣಿ ಯಾರಿಗೂ ಮೋಸ ಮಾಡಲಿಲ್ಲ.

ಮೊದಮೊದಲು ನಗು ಬರುತ್ತಿತ್ತು. ಆಮೇಲೆ, ಒಪ್ಪಲೇಬೇಕು,
ಅದಕ್ಕೆ ನನ್ನ ಗುರುತು ಹತ್ತಿತು.
ಮಂಗಳವಾರ ನಾನು ಸೋಮಾರಿ,
ಎದುರುಗಾಳಿಗೆ ಎದೆ ಬಿಗಿಯುತ್ತದೆ,
ಗುಳಿಗೆ ನುಂಗಿದ ಮೇಲೊಂದು ಗಂಟೆ ಕಾಲು ಸೀಸ,
ಎಲ್ಲ ತಿಳಿದುಕೊಂಡಿತು, ನಾನು ಹೇಳದೆಯೇ.
ಮೇ ಹೊತ್ತಿಗೆ ಹದಿನೆಂಟು ಮೂವತ್ನಾಲ್ಕಾಗಿ
ಪಾರಿವಾಳದ ಗೂಡಿನ ಏಣಿ, ಹನ್ನೊಂದು ಮೆಟ್ಟಿಲು,
ನಡುವೆ ನಿಲ್ಲದೆ ಹತ್ತಿದೆ.

ಜುಲೈ, ಶನಿವಾರ. ಬಾರ್ಸಿಲೋನಾದಲ್ಲಿ ಬಿಟ್ಟ ನೀಲಿ ಹೆಣ್ಣು,
ಸಾವಿರ ಕಿಲೋಮೀಟರು.
ನಾನು ಕುರ್ಚಿಯಲ್ಲಿದ್ದೆ, ಕಾಲು ಕೂಡ ಅಲ್ಲಾಡಿಸಿರಲಿಲ್ಲ.
ಚರ್ಚಿನಾಚೆ ಒಂದು ಚುಕ್ಕೆ. ಚುಕ್ಕೆಗೆ ರೆಕ್ಕೆ.
ರೆಕ್ಕೆ ಮಡಚಿ, ಕಲ್ಲು ಬಿದ್ದ ಹಾಗೆ
ನೆಟ್ಟಗೆ ನಮ್ಮ ಮನೆಗೆ!

ಮಣಿಕಟ್ಟು ನಡುಗಿತು: ನೂರಾ ಹದಿನಾಲ್ಕು.
ನೀವು ಕುಳಿತಿದ್ದೀರಿ. ಎದೆನೋವೇ?
ಹೌದು. ಇಲ್ಲ. ತಲೆಸುತ್ತು. ಗೊತ್ತಿಲ್ಲ.
ನಾಲ್ಕೇ ಗುಂಡಿ.
'ಗೊತ್ತಿಲ್ಲ ಅನ್ನು' ಎಂದ ಹಿಕ್ಮೆತ್, ಕೆಮ್ಮುತ್ತ, ಕುಣಿಯುತ್ತ.
ಒತ್ತಿದೆ. ಮರುದಿನದ ನಡಿಗೆಯಲ್ಲಿ ಹನ್ನೆರಡು ನಿಮಿಷ ಕಡಿತ.

ಸೋಮವಾರ ಆಸ್ಪತ್ರೆಯಲ್ಲಿ ಲೀಸ್ಬೆತ್ ಗೆರೆಯ ಮೇಲೆ ಬೆರಳಿಟ್ಟಳು,
ಬಯಲಲ್ಲೆದ್ದ ಒಂಟಿ ದಿಬ್ಬ.
'ಹನ್ನೊಂದೂ ನಲವತ್ತಕ್ಕೆ ಏನಾಯಿತು?'
'ಹಕ್ಕಿ ಬಂತು.'
ಅವಳು ನಗಲಿಲ್ಲ. ಅವಳಜ್ಜನ ಹಿತ್ತಲಲ್ಲೂ ಗೂಡಿತ್ತಂತೆ.
ಖಾಲಿ ಚೌಕದಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದಳು: ಪಾರಿವಾಳ.
ನನ್ನ ನಿಮಿಷಗಳು ವಾಪಸು ಬಂದವು.

ಈಗ ಪಂದ್ಯದ ದಿನ ಅದೇ ಮುಂಚೆ ಹೇಳುತ್ತದೆ:
ನಡಿಗೆ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನ ಕುರ್ಚಿ.
ಜಾಣ ಯಂತ್ರ. ನಾನೇ ಹೊಗಳಿದ್ದೇನೆ.

ಆಗಸ್ಟಿನಲ್ಲಿ ನೀಲಿ ಹೆಣ್ಣು ಬರಲೇ ಇಲ್ಲ.
ಆಕಾಶ ಕಪ್ಪಾಗುವ ತನಕ ಇಬ್ಬರೂ ಕೂತೆವು,
ಗೂಡಿನ ಬಾಗಿಲು ತೆರೆದೇ ಇತ್ತು.
ಅರವತ್ತೊಂದು. ಅರವತ್ತು. ಐವತ್ತೊಂಬತ್ತು.
ಒಳ್ಳೆಯ ವಿಶ್ರಾಂತಿ, ಎಂದಿತು ಮಣಿಕಟ್ಟು.